ಒಂದು ನಲ್ಲಿ, ಒಂದು ಪ್ಲಗ್ಗು, ಒಂದು ರಾತ್ರಿಯ ಜಾಗ

ಹೆದ್ದಾರಿ ಬದಿಯ ಗ್ರಾಮ ಪಂಚಾಯಿತಿಗಳಿಗೆ ಬಾಣಸವಾಡಿಯಿಂದ ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರೇ, ಅಧ್ಯಕ್ಷೆಯರೇ, ಸದಸ್ಯರೇ,

ಈ ಪತ್ರವನ್ನು ಪ್ರವಾಸೋದ್ಯಮ ಸಚಿವರಿಗೆ ಬರೆಯಿರಿ, ಪಂಚಾಯಿತಿಗೆ ಬರೆದು ಏನು ಪ್ರಯೋಜನ ಎಂದು ಗೆಳೆಯರು ಹೇಳಿದರು. ನಾನು ಯೋಚಿಸಿಯೇ ನಿಮಗೆ ಬರೆಯುತ್ತಿದ್ದೇನೆ. ಮೇಲಿನವರು ಮಾಡಬೇಕಾದ ಕಾಗದದ ಕೆಲಸ ಬಹುಪಾಲು ಮುಗಿದಿದೆ. ರಾಜ್ಯದ 2020–25ರ ಪ್ರವಾಸೋದ್ಯಮ ನೀತಿಯಲ್ಲೇ ಕ್ಯಾರವಾನ್ ಪ್ರವಾಸದ ಮಾತಿತ್ತು. ಮನೆಯಿರುವ ಗಾಡಿಯನ್ನು ಹೇಗೆ ಕಟ್ಟಬೇಕು, ಹೇಗೆ ಪರೀಕ್ಷಿಸಬೇಕು ಎಂದು ಹೇಳುವ ಎಐಎಸ್-124 ಎಂಬ ಮಾನದಂಡ ದೇಶಕ್ಕೆಲ್ಲ ಇದೆ. ಸ್ವಂತಕ್ಕೆ ಇಟ್ಟುಕೊಂಡ ಕ್ಯಾಂಪರ್ ವ್ಯಾನನ್ನು ಬಿಳಿ ಬೋರ್ಡಿನಲ್ಲೇ ಓಡಿಸಲು ಕಾನೂನು ಒಪ್ಪುತ್ತದೆ. ಇಂಥ ಗಾಡಿ ಕಟ್ಟಿಕೊಡುವವರು ಕೇರಳದ ಕೊಟ್ಟಾಯಂನಲ್ಲಿದ್ದಾರೆ, ಚಂಡೀಗಢದ ಕಡೆ ಇದ್ದಾರೆ. ಬೆಂಗಳೂರಿನಲ್ಲಿ ಬಾಡಿಗೆಗೂ ಸಿಗುತ್ತದೆ. ಗಾಡಿಗೆ ಇಡೀ ದೇಶ ಸುತ್ತುವ ಪರವಾನಗಿ ಇದೆ, ಕತ್ತಲಾದ ಮೇಲೆ ನಿಲ್ಲುವುದಕ್ಕೆ ಜಾಗವಿಲ್ಲ. ಆ ಜಾಗ ವಿಧಾನಸೌಧದಲ್ಲಿ ಇಲ್ಲ, ನಿಮ್ಮ ಊರಿನ ಸರ್ವೆ ನಕ್ಷೆಯಲ್ಲಿದೆ. ಅದಕ್ಕೇ ನಿಮಗೆ ಈ ಪತ್ರ.

ನನ್ನ ಪರಿಚಯ ಇಷ್ಟು. ಕೆ.ಆರ್. ಪುರದ ಬಳಿ ದೂರವಾಣಿನಗರದಲ್ಲಿರುವ, 1948ರಲ್ಲಿ ಶುರುವಾದ ಐಟಿಐ ಟೆಲಿಫೋನ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು, ಮನೆ ಬಾಣಸವಾಡಿಯಲ್ಲಿ. ನಿವೃತ್ತಿಯ ಹಣದಲ್ಲಿ ಒಂದು ಪಾಲು ಹಾಕಿ ನಾನೂ ನನ್ನ ಹೆಂಡತಿಯೂ ಟೆಂಪೊ ಟ್ರಾವೆಲರ್ ಚಾಸಿಯ ಮೇಲೆ ಕಟ್ಟಿದ ಒಂದು ಗಾಡಿಮನೆ ಕೊಂಡಿದ್ದೇವೆ. ಕ್ಯಾರವಾನ್ ಅಂದರೆ ನಿಮಗೆ ಸಿನಿಮಾ ಶೂಟಿಂಗಿನಲ್ಲಿ ನಾಯಕರು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುವ ಬಸ್ಸು ನೆನಪಾಗಬಹುದು, ಇಲ್ಲವೇ ಎನ್.ಟಿ. ರಾಮರಾಯರು 1982ರಲ್ಲಿ ಆಂಧ್ರವನ್ನೆಲ್ಲ ಸುತ್ತಿದ ಚೈತನ್ಯರಥ. ನಮ್ಮದು ಅಂಥದ್ದಲ್ಲ. ಇಬ್ಬರು ಮಲಗುವ ಮಂಚ, ಎರಡು ಉರಿಯ ಒಲೆ, 5 ಕಿಲೋ ಸಿಲಿಂಡರು, ನೂರು ಲೀಟರಿನ ನೀರಿನ ಟ್ಯಾಂಕು, ಚಾವಣಿಯ ಮೇಲೆ ಸೋಲಾರ್ ಹಲಗೆ, ಬಾಗಿಲ ಪಕ್ಕದಲ್ಲಿ ಒಂದು ಪುಟ್ಟ ಕಕ್ಕಸು. ನನ್ನ ಹೆಂಡತಿಗೆ ಮಂಡಿ ನೋವು. ಲಾಡ್ಜಿನ ಮೆಟ್ಟಿಲು, ನೆಲಕ್ಕೆ ಕೂರುವ ಕಕ್ಕಸು ಎರಡೂ ಆಗುವುದಿಲ್ಲ. ಈ ಗಾಡಿ ಇಲ್ಲದಿದ್ದರೆ ಅವಳು ಮತ್ತೆ ಬೇಲೂರನ್ನಾಗಲಿ ಬಾದಾಮಿಯನ್ನಾಗಲಿ ನೋಡುತ್ತಿರಲಿಲ್ಲ. ಇಂಥವರು ರಾಜ್ಯದಲ್ಲಿ ಬಹಳ ಜನ ಇದ್ದಾರೆ. ಶೋಕಿಗಾಗಿ ಗಾಡಿ ಕೊಂಡವರೂ ಇದ್ದಾರೆ, ಅವರ ಪರವಾಗಿ ನಾನು ಬರೆಯುತ್ತಿಲ್ಲ.

ಬೆಂಗಳೂರಿಗೆ ಈ ಗಾಡಿ ಬೇಡ. ಬಾಣಸವಾಡಿ ಒಂದು ಹಳ್ಳಿಯೇ ಆಗಿತ್ತು. ಎಚ್‌ಆರ್‌ಬಿಆರ್ ಬಡಾವಣೆ, ಒಎಂಬಿಆರ್ ಬಡಾವಣೆ, ಹೊರವರ್ತುಲ ರಸ್ತೆ ಎಲ್ಲ ಸುತ್ತುಗಟ್ಟಿದ ಮೇಲೆ ಹಳ್ಳಿಯ ಓಣಿಗಳು ಹಾಗೇ ಉಳಿದು ಅದರ ಮೇಲೆ ನಾಲ್ಕು ಅಂತಸ್ತಿನ ಮನೆಗಳು ಎದ್ದವು. 30×40 ಸೈಟು, ಮನೆಯ ಮುಂದೆ ಎರಡು ಬೈಕು, ಎದುರುಮನೆಯ ಕಾರು. ಅಲ್ಲಿ ಹತ್ತಡಿ ಎತ್ತರದ ಗಾಡಿ ನಿಲ್ಲಿಸಿದರೆ ನೆರೆಯವರಿಗೆ ಬೆಳಕಿಲ್ಲ, ಕಸದ ಆಟೊಗೆ ದಾರಿಯಿಲ್ಲ. ಅವರು ಆಕ್ಷೇಪಿಸಿದ್ದು ನ್ಯಾಯವೇ. ಹಾಗಾಗಿ ನಮ್ಮ ಗಾಡಿ ಹೊರಮಾವಿನ ಆಚೆ ಖಾಲಿ ಸೈಟೊಂದರಲ್ಲಿ ತಿಂಗಳ ಬಾಡಿಗೆಗೆ ನಿಂತಿದೆ. ಹೊರಡುವ ದಿನ ಸಾಮಾನನ್ನು ಆಟೊದಲ್ಲಿ ಅಲ್ಲಿಗೆ ಸಾಗಿಸಬೇಕು. ಮರದಿಂದ ಮರಕ್ಕೆ ಜೋತುಬಿದ್ದ ಇಂಟರ್ನೆಟ್ ಕೇಬಲ್ಲುಗಳನ್ನು ಒಬ್ಬರು ಕೆಳಗಿಳಿದು ಕೋಲಿನಿಂದ ಎತ್ತಿ ಹಿಡಿಯಬೇಕು, ಆಮೇಲೆ ಗಾಡಿ ಮುಂದಕ್ಕೆ. ರೈಲು ಹಳಿಯ ಕೆಳಗೆ ಹಾಯುವ ರಸ್ತೆಗಳಲ್ಲಿ ಎತ್ತರದ ಫಲಕ ಓದಿಕೊಂಡೇ ಮುಂದುವರಿಯಬೇಕು. ಹೆಬ್ಬಾಳ ದಾಟಿ ತುಮಕೂರು ರಸ್ತೆ ಹಿಡಿದ ಮೇಲೆಯೇ ನಮ್ಮ ಪ್ರಯಾಣ ಶುರುವಾಗುವುದು.

ಕಳೆದ ಬೇಸಿಗೆಯಲ್ಲಿ ಹೊರಟಿದ್ದು ಒಂದು ಕೂಟಕ್ಕೆ. ಇಂಥ ಗಾಡಿ ಇಟ್ಟುಕೊಂಡ ಕೆಲವು ಕುಟುಂಬಗಳು ಫೋನಿನಲ್ಲಿ ಪರಿಚಯವಾಗಿ, ಒಮ್ಮೆ ಒಂದೇ ಕಡೆ ಸೇರೋಣ ಎಂದುಕೊಂಡೆವು. ಎಲ್ಲಿ ಸೇರುವುದು ಎಂಬ ಚರ್ಚೆಯೇ ವಾರಗಟ್ಟಲೆ ನಡೆಯಿತು. ಕೊನೆಗೆ ನಮ್ಮಲ್ಲೊಬ್ಬರ ಬಂಧುಗಳು ಮೂಡಿಗೆರೆ ಕಡೆಯ ತಮ್ಮ ಕಾಫಿ ತೋಟದ ಕಣ ಬಿಟ್ಟುಕೊಟ್ಟರು. ಕಾಫಿ ಕೊಯ್ಲಿನ ಕಾಲದಲ್ಲಿ ಕಣದ ತುಂಬ ಹಣ್ಣು ಒಣಗುತ್ತಿರುತ್ತದೆ. ಬೇಸಿಗೆಯ ಹೊತ್ತಿಗೆ ಖಾಲಿ. ಮಟ್ಟಸವಾದ ಸಿಮೆಂಟು ನೆಲ, ಪಕ್ಕದಲ್ಲೇ ಬೋರಿನ ನೀರು, ಪಲ್ಪಿಂಗ್ ಯಂತ್ರಕ್ಕೆಂದು ಎಳೆದ ಕರೆಂಟು. ಗಾಡಿಮನೆಗೆ ಇದಕ್ಕಿಂತ ಬೇಕಾದ್ದಿಲ್ಲ.

ಆದರೆ ಅಲ್ಲಿಗೆ ತಲಪುವವರೆಗೆ ಏನಾಯಿತೆಂದು ಹೇಳಲೇಬೇಕು, ಏಕೆಂದರೆ ನಾವು ಹಾದುಹೋದದ್ದು ನಿಮ್ಮ ಊರುಗಳ ಮೇಲೆಯೇ. ನೆಲಮಂಗಲ, ಕುಣಿಗಲ್, ಯಡಿಯೂರು, ಚನ್ನರಾಯಪಟ್ಟಣ, ಹಾಸನ, ಬೇಲೂರು: ದಾರಿ ಚೆನ್ನಾಗಿದೆ. ಕಾರಿನವರು ಒಂದೇ ದಿನದಲ್ಲಿ ಮೂಡಿಗೆರೆ ಮುಟ್ಟುತ್ತಾರೆ. ನಮ್ಮದು ಭಾರದ ಗಾಡಿ, ವಯಸ್ಸಾದವರು, ಶ್ರವಣಬೆಳಗೊಳವನ್ನೂ ನೋಡಿಕೊಂಡು ಹೋಗೋಣವೆಂಬ ಆಸೆ. ನಮಗೆ ರಾತ್ರಿ ನಿಲ್ಲಲೇಬೇಕಾಯಿತು. ಒಂದು ಪೆಟ್ರೋಲ್ ಬಂಕಿನಲ್ಲಿ ಕೇಳಿದೆವು. ರಾತ್ರಿ ಹನ್ನೊಂದರವರೆಗೆ ಇರಬಹುದು, ಆಮೇಲೆ ಬೇಡ ಎಂದರು. ಒಲೆ ಹಚ್ಚಬಾರದು ಎಂದರು. ಪೆಟ್ರೋಲು ಇರುವಲ್ಲಿ ಒಲೆ ಬೇಡ ಎನ್ನುವುದು ಸರಿಯಾದ ಮಾತು, ಅದಕ್ಕೆ ನಾನು ದೂರುವುದಿಲ್ಲ. ಆಮೇಲೆ ಒಂದು ಡಾಬಾದ ಅಂಗಳದಲ್ಲಿ ಲಾರಿಗಳ ನಡುವೆ ನಿಂತೆವು. ಲಾರಿಯವರು ಬಹಳ ಗೌರವದಿಂದಲೇ ಜಾಗ ಬಿಟ್ಟರು. ಹೆಂಡತಿ ಮಾತ್ರ ರಾತ್ರಿಯಿಡೀ ಬಾಗಿಲ ಚಿಲಕವನ್ನೇ ನೋಡುತ್ತಾ ಮಲಗಿದ್ದಳು. ಬೆಳಿಗ್ಗೆ ಟ್ಯಾಂಕಿಗೆ ನೀರು ತುಂಬಿಸಿಕೊಳ್ಳಲು ಒಂದು ಸರ್ಕಾರಿ ಪ್ರವಾಸಿ ಮಂದಿರದ ಗೇಟಿನ ಮುಂದೆ ನಿಂತು ಕೇಳಿದೆ. ವಿಶಾಲ ಕಾಂಪೌಂಡು, ಮಾವಿನ ಮರದ ನೆರಳು, ತೊಟ್ಟಿ ತುಂಬ ನೀರು, ಒಳಗೆ ಒಬ್ಬರೂ ಇಲ್ಲ. ಕಾವಲಿನವರು ತಮ್ಮ ಕಷ್ಟ ಹೇಳಿಕೊಂಡರು: ರೂಮು ಬುಕ್ಕಾಗಿದ್ದರೆ ಒಳಗೆ ಬಿಡಬಹುದು, ರೂಮು ಬೇಡ ಎನ್ನುವವರನ್ನು ಬಿಡುವ ರಿಜಿಸ್ಟರು ಅವರ ಹತ್ತಿರ ಇಲ್ಲ. ಮನೆಯನ್ನೇ ಜೊತೆಗೆ ತಂದವರು ಎಂಬ ಕಾಲಂ ಯಾವ ರಿಜಿಸ್ಟರಿನಲ್ಲೂ ಇಲ್ಲವಲ್ಲ.

ಕಣದ ಕೂಟಕ್ಕೆ ಬಂದವರು ಬಗೆಬಗೆಯವರು. ಮೈಸೂರಿನ ಡಾಕ್ಟರ್ ದಂಪತಿ, ಹಳೆಯ ವ್ಯಾನಿನೊಳಗೇ ಕೂತು ಕಂಪ್ಯೂಟರ್ ಕೆಲಸ ಮಾಡುವ ಹುಬ್ಬಳ್ಳಿಯ ಹುಡುಗ, ಕಾಸರಗೋಡಿನಿಂದ ಮೂರು ತಲೆಮಾರು ಒಟ್ಟಿಗೆ ಬಂದ ಒಂದು ಕನ್ನಡ ಕುಟುಂಬ, ಮಗಳ ಮದುವೆ ಮುಗಿಸಿ ಇನ್ನು ನಮ್ಮ ಸರದಿ ಎಂದು ಹೊರಟ ದಾವಣಗೆರೆಯ ಅಕ್ಕತಂಗಿಯರು. ಯಾರೂ ಯಾರಿಗೂ ಫೋಟೊ ತೋರಿಸುತ್ತಾ ಕೂರಲಿಲ್ಲ. ಮೊದಲ ಸಂಜೆಯ ಮಾತೆಲ್ಲ ಎರಡೇ ವಿಷಯ: ನೀವು ದಾರಿಯಲ್ಲಿ ಎಲ್ಲಿ ಮಲಗಿದಿರಿ, ಕಕ್ಕಸಿನ ಪೆಟ್ಟಿಗೆ ಎಲ್ಲಿ ಖಾಲಿ ಮಾಡಿದಿರಿ. ದಾವಣಗೆರೆಯ ಅಕ್ಕ ಹೇಳಿದರು, “ಊರು ಬಂತೂಂದ್ರ ಖುಷಿ ಆಗಬೇಕಲ್ರೀ, ನಮಗ ಕತ್ಲಾಗೋದ್ರೊಳಗ ಊರು ಬಿಡಬೇಕು ಅನ್ನೋ ಅಂಜಿಕಿ.” ಅಲ್ಲಿ ಕೂತಿದ್ದ ಎಲ್ಲರೂ ಹೌದೆಂದರು. ಆ ಮಾತೇ ಈ ಪತ್ರ ಬರೆಸುತ್ತಿದೆ. ಕತ್ತಲಾದ ಮೇಲೆ ಬಂದವರಿಗೆ ಅಂಗಳದಲ್ಲಿ ಜಾಗ ಕೊಡುತ್ತಿದ್ದ ನಾಡು ಇದು. ಈಗ ಪರಸ್ಥಳದವರು ಮೊದಲು ಹುಡುಕುವುದು ಊರಿನಿಂದ ಆಚೆ ಹೋಗುವ ದಾರಿ.

ಕಕ್ಕಸಿನ ವಿಷಯವನ್ನು ಬಿಡಿಸಿಯೇ ಹೇಳುತ್ತೇನೆ, ಮುಚ್ಚಿಟ್ಟರೆ ನಿಮಗೆ ಅನುಮಾನ ಉಳಿಯುತ್ತದೆ. ಗಾಡಿಯಲ್ಲಿ ಎರಡು ಬಗೆಯ ಕೊಳೆನೀರು ಸೇರುತ್ತದೆ. ಸ್ನಾನದ್ದು, ಪಾತ್ರೆಯದ್ದು ಒಂದು. ಅದನ್ನು ತೆಂಗಿನ ಬುಡಕ್ಕೋ ಇಂಗುಗುಂಡಿಗೋ ಬಿಡಬಹುದು. ಕಕ್ಕಸಿನದು ಇನ್ನೊಂದು. ಅದು ಸುಮಾರು ಇಪ್ಪತ್ತು ಲೀಟರಿನ ಮುಚ್ಚಿದ ಪೆಟ್ಟಿಗೆಯಲ್ಲಿ ಸೇರುತ್ತದೆ. ಗಾಲಿ ಇರುತ್ತದೆ, ಹೊರಗಿನಿಂದ ಎಳೆದುಕೊಂಡು ಹೋಗಿ ಸೆಪ್ಟಿಕ್ ಟ್ಯಾಂಕಿಗೆ ಸೇರುವ ಕಕ್ಕಸಿಗೆ ಸುರಿದು ತೊಳೆದು ತರಬಹುದು. ಇಬ್ಬರಿದ್ದರೆ ಎರಡು ಮೂರು ದಿನಕ್ಕೊಮ್ಮೆ. ವಾಸನೆಗೆಂದು ಫಾರ್ಮಾಲ್ಡಿಹೈಡ್ ಇರುವ ನೀಲಿ ದ್ರವ ಹಾಕುವವರಿದ್ದಾರೆ. ಅದು ಸೆಪ್ಟಿಕ್ ಟ್ಯಾಂಕಿನ ಒಳಗೆ ಕೆಲಸ ಮಾಡುವ ಬ್ಯಾಕ್ಟೀರಿಯಾವನ್ನೇ ಕೊಲ್ಲುತ್ತದೆ. ಹಾಗಾಗಿ ಅಂಥ ದ್ರವ ಹಾಕಿದವರಿಗೆ ನಿಮ್ಮ ಊರಿನಲ್ಲಿ ಸುರಿಯಲು ಬಿಡಬೇಡಿ, ಕೇಳಿಯೇ ಬಿಡಿ. ಇನ್ನೊಂದು ಮಾತು ಎಲ್ಲಕ್ಕಿಂತ ಮುಖ್ಯ. ಈ ಪೆಟ್ಟಿಗೆಯನ್ನು ಗಾಡಿಯವರೇ ಎತ್ತಬೇಕು, ಗಾಡಿಯವರೇ ಸುರಿಯಬೇಕು, ಗಾಡಿಯವರೇ ತೊಳೆಯಬೇಕು. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿ 2013ರಲ್ಲಿ ಕಾಯ್ದೆ ಬಂದ ಮೇಲೂ ಈ ನಾಡಿನಲ್ಲಿ ಗುಂಡಿಗಿಳಿದು ಸತ್ತವರ ಸುದ್ದಿ ನಿಂತಿಲ್ಲ. ಬೆಂಗಳೂರಿನವರ ಪ್ರವಾಸಕ್ಕಾಗಿ ನಿಮ್ಮ ಊರಿನ ಒಬ್ಬ ಪೌರಕಾರ್ಮಿಕರೂ ಕೈ ಹಾಕುವಂತಾಗಬಾರದು. ಹಣ ಕೊಡುತ್ತೇನೆ, ಯಾರಿಂದಲಾದರೂ ತೊಳೆಸಿ ಎನ್ನುವವನನ್ನು ಆ ಕ್ಷಣವೇ ಊರಿನಿಂದ ಕಳಿಸಿ.

ಸೆಪ್ಟಿಕ್ ಟ್ಯಾಂಕು ತುಂಬಿದರೆ ಏನು ಮಾಡಬೇಕೆಂಬುದು ನಿಮಗೆ ಈಗಾಗಲೇ ಇರುವ ಸಮಸ್ಯೆ, ಗಾಡಿಯವರು ತಂದದ್ದಲ್ಲ. ಬೆಂಗಳೂರಿನ ಪಕ್ಕದ ದೇವನಹಳ್ಳಿಯಲ್ಲಿ 2015ರಲ್ಲೇ ಸೆಪ್ಟಿಕ್ ಟ್ಯಾಂಕಿನ ಹೂಳನ್ನು ಸಂಸ್ಕರಿಸಿ ಗೊಬ್ಬರ ಮಾಡುವ ಘಟಕ ಬಂತು. ಇಡೀ ಊರಿಗೆ ಅಂಥದ್ದೊಂದು ದೇಶದಲ್ಲಿ ಅದೇ ಮೊದಲು. ಒಳಚರಂಡಿಯೇ ಇಲ್ಲದ ಊರಿಗೂ ದಾರಿಯಿದೆ ಎಂದು ಅದು ತೋರಿಸಿತು. ಹೆದ್ದಾರಿ ಬದಿಯ ನಾಲ್ಕೈದು ಪಂಚಾಯಿತಿಗಳು ಸೇರಿ ಅಂಥದ್ದೊಂದನ್ನು ಕೇಳಿ ಪಡೆದರೆ ಲಾಭ ನಿಮ್ಮ ಮನೆಗಳಿಗೇ ಮೊದಲು.

ಇನ್ನು ನಿಮ್ಮ ನೆಲದ ಮಾತು. ಹಳೆ ಮೈಸೂರಿನ ಊರೂರಿನಲ್ಲೂ ಒಂದು ಗುಂಡುತೋಪು ಇತ್ತು. ಮಾವು, ನೇರಳೆ, ಹುಣಸೆ, ಹೊಂಗೆ, ಹಿಪ್ಪೆ. ಪಕ್ಕದಲ್ಲಿ ಕೆರೆ ಅಥವಾ ಕಲ್ಯಾಣಿ. ಸಂತೆಗೆ ಹೋಗುವ ಗಾಡಿಗಳು ಅಲ್ಲಿ ನೊಗ ಇಳಿಸಿ ನಿಲ್ಲುತ್ತಿದ್ದವು, ಎತ್ತು ನೀರು ಕುಡಿಯುತ್ತಿತ್ತು, ಮೂರು ಕಲ್ಲಿಟ್ಟು ಮುದ್ದೆ ಬೇಯಿಸುತ್ತಿದ್ದರು. ಮರ ಬಾಡಿಗೆ ಕೇಳುತ್ತಿರಲಿಲ್ಲ, ಊರೂ ಕೇಳುತ್ತಿರಲಿಲ್ಲ. ಬೆಂಗಳೂರಿನ ಸುತ್ತಲಿನ ಇಂಥ ತೋಪುಗಳನ್ನು ಸೀಮಾ ಮುಂಡೋಳಿ, ಹರಿಣಿ ನಾಗೇಂದ್ರ ಮತ್ತು ಅವರ ಜೊತೆಗಾರರು ಅಧ್ಯಯನ ಮಾಡಿದ್ದಾರೆ. ಎಷ್ಟೋ ತೋಪುಗಳು ಕಟ್ಟಡವಾಗಿ, ರಸ್ತೆಯಾಗಿ, ಕಸದ ಗುಡ್ಡೆಯಾಗಿ ಹೋದದ್ದನ್ನು ದಾಖಲಿಸಿದ್ದಾರೆ. ನಾನು ಹೇಳುವುದು ನಿಮಗೆ ಹೊಸದಲ್ಲ, ನಿಮ್ಮಲ್ಲಿ ಎಷ್ಟೋ ಜನ ಒತ್ತುವರಿ ಬಿಡಿಸಲು ಕಚೇರಿ ಅಲೆದವರೇ. 2011ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಊರಿನ ಸಾಮುದಾಯಿಕ ಜಮೀನನ್ನು ಒತ್ತುವರಿಯಿಂದ ಬಿಡಿಸಿ ಪಂಚಾಯಿತಿಗೆ ಮರಳಿಸಬೇಕೆಂದು ಎಲ್ಲ ರಾಜ್ಯಗಳಿಗೂ ಹೇಳಿತು. ಬಿಡಿಸಿಕೊಂಡ ಜಮೀನು ಸುಮ್ಮನೆ ಬಿದ್ದಿದ್ದರೆ ಮರುವರ್ಷ ಮತ್ತೆ ಬೇಲಿ ಏಳುತ್ತದೆ. ದಿನವೂ ಬಳಕೆಯಲ್ಲಿರುವ ಜಾಗವನ್ನು ಕಬಳಿಸುವುದು ಕಷ್ಟ. ತೋಪನ್ನು ಉಳಿಸಿಕೊಳ್ಳಲು ಅದರಲ್ಲಿ ಜನ ತಂಗುವುದೇ ದಾರಿ ಎಂದು ನಾನು ನಂಬಿದ್ದೇನೆ. ಅದಕ್ಕಾಗಿ ಒಂದು ಮರವನ್ನೂ ಕಡಿಯಬೇಕಿಲ್ಲ, ನೆಲಕ್ಕೆ ಕಾಂಕ್ರೀಟು ಬೇಕಿಲ್ಲ. ಗಟ್ಟಿ ಮೊರಂ ಸಾಕು.

ಮನೆಯನ್ನು ಗಾಲಿಯ ಮೇಲಿಟ್ಟುಕೊಂಡು ಹೋಗಿ ಒಂದೆಡೆ ಸೇರುವುದು ನಮಗೆ ಹೊರಗಿನಿಂದ ಬಂದ ರೂಢಿಯೂ ಅಲ್ಲ. ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಇವತ್ತಿಗೂ ಚಕ್ಕಡಿ ಕಟ್ಟಿಕೊಂಡು ಬರುವ ಕುಟುಂಬಗಳಿವೆ. ಗಾಡಿಯ ಕೆಳಗೆ ಮಲಗಿ, ಗಾಡಿಯ ಪಕ್ಕ ಒಲೆ ಹೂಡಿ, ಹೋಳಿಗೆ ಕಡುಬು ಮಾಡಿ ಹಂಚಿಕೊಳ್ಳುತ್ತಾರೆ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಎತ್ತಿನ ಪಕ್ಕದಲ್ಲೇ ರೈತರ ಬಿಡಾರ. ನಮ್ಮ ಕಾರ್ಖಾನೆಯಲ್ಲಿ ಎಲ್‌ಟಿಸಿ ಸಿಕ್ಕಾಗ ಹತ್ತಾರು ಮನೆಯವರು ಒಂದು ಬಸ್ಸು ಮಾಡಿಕೊಂಡು, ಅಡುಗೆಯವರು, ಕೊಳಗ, ಸೀಮೆಎಣ್ಣೆ ಸ್ಟವ್, ಅಕ್ಕಿ ಮೂಟೆ ಸಮೇತ ರಾಮೇಶ್ವರಕ್ಕೋ ಕಾಶಿಗೋ ಹೊರಡುತ್ತಿದ್ದೆವು. ದಾರಿಯಲ್ಲಿ ಯಾರದೋ ತೋಟದ ಪಂಪ್‌ಸೆಟ್ಟು ಕಂಡರೆ ಬಸ್ಸು ನಿಲ್ಲುತ್ತಿತ್ತು. ತೋಟದವರನ್ನು ಕೇಳಿ ಹೆಂಗಸರು ಸ್ನಾನ ಮಾಡಿ ಸೀರೆ ಒಣಹಾಕುವಷ್ಟರಲ್ಲಿ ಚಿತ್ರಾನ್ನ ತಯಾರು. ಬೇಡ ಎಂದವರು ನನ್ನ ನೆನಪಿನಲ್ಲಿ ಇಲ್ಲ. ಛತ್ರಗಳಲ್ಲಿ ಹೆಸರು, ಊರು ಬರೆಸಿ ಚಾಪೆ ಕೊಡುತ್ತಿದ್ದರು.

ಈಗ ನಾನು ಮುಖ್ಯವಾಗಿ ಹೇಳಬೇಕಾದ್ದಕ್ಕೆ ಬರುತ್ತೇನೆ. ಈ ಜಾಗವನ್ನು ಕ್ಯಾರವಾನ್ ಪಾರ್ಕ್ ಎಂದು ಮಾಡಿ ಬೇಲಿ ಹಾಕಿ ನಮಗೆ ಮಾತ್ರ ಕೊಡಬೇಡಿ. ಹಾಗೆ ಮಾಡಿದರೆ ನಾನೇ ಅಲ್ಲಿ ನಿಲ್ಲುವುದಿಲ್ಲ. ಸುಗ್ಗಿ ಮುಗಿದ ಮೇಲೆ ಹೆಳವರು ಗಾಡಿ ಕಟ್ಟಿಕೊಂಡು ನಿಮ್ಮೂರಿಗೆ ಬರುತ್ತಾರೆ. ನಿಮ್ಮ ಅಜ್ಜ ಮುತ್ತಜ್ಜಂದಿರ ವಂಶಾವಳಿ ಅವರ ಪುಸ್ತಕದಲ್ಲಿದೆ. ಅವರು ಮಲಗುವುದು ಎಲ್ಲಿ? ಊರಾಚೆಯ ಬಯಲಿನಲ್ಲಿ, ಸಿಕ್ಕಿದ ನೀರು ಕುಡಿದು. ಬಯಲುಸೀಮೆಯಿಂದ ಕುರಿಮಂದೆ ಹೊಡೆದುಕೊಂಡು ಬರುವವರು, ಕಬ್ಬು ಕಡಿಯಲು ಗಾಡಿ, ಟ್ರ್ಯಾಕ್ಟರುಗಳಲ್ಲಿ ಹೆಂಡತಿ ಮಕ್ಕಳ ಸಮೇತ ಬರುವ ಗ್ಯಾಂಗಿನವರು, ಬುಡ್ಗ ಜಂಗಮರು, ಸುಡುಗಾಡು ಸಿದ್ಧರು: ಇವರ ಬಿಡಾರ ಕಂಡರೆ ಪೊಲೀಸರಿಗೆ ಫೋನು ಹೋಗುತ್ತದೆ. ಬಿಳಿ ಬಣ್ಣದ ದುಬಾರಿ ಗಾಡಿ ಕಂಡರೆ ಮಕ್ಕಳು ಒಳಗೆ ನೋಡಬಹುದಾ ಎಂದು ಕೇಳುತ್ತಾರೆ. ಎರಡೂ ಗಾಲಿಯ ಮೇಲಿನ ಮನೆಯೇ. ಅಲೆಮಾರಿಗಳಿಗೆ ಕೊಡದ ನಲ್ಲಿಯನ್ನು ನಮಗೆ ಕೊಡಬೇಡಿ, ಅವರಿಗೆ ಕೊಟ್ಟ ನಲ್ಲಿಯಲ್ಲೇ ನಮಗೂ ಎರಡು ಬಿಂದಿಗೆ ಹಿಡಿಯಲು ಬಿಡಿ. ಲಾರಿ ಚಾಲಕರನ್ನೂ ಸೇರಿಸಿ. ಹೊಸದಾಗಿ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯ ಮಾಡಿದ್ದು ಸಂತೋಷ, ಆದರೆ ಆ ಕ್ಯಾಬಿನ್ನಿನಲ್ಲಿ ಮಲಗಿ ಎದ್ದವರು ಬೆಳಿಗ್ಗೆ ಹೋಗುವುದು ಈಗಲೂ ರಸ್ತೆ ಬದಿಯ ಪೊದೆಗೇ.

ನಮ್ಮ ಬಾಣಸವಾಡಿಯ ಪಕ್ಕದಲ್ಲೇ ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್ ಇದೆ, 2022ರ ಜೂನ್‌ನಿಂದ ಅಲ್ಲಿಂದ ರೈಲುಗಳು ಓಡುತ್ತಿವೆ. ವಿಮಾನ ನಿಲ್ದಾಣದಂತೆ ಕಟ್ಟಿದ್ದಾರೆ ಎಂದು ಎಲ್ಲರೂ ಹೊಗಳಿದರು. ಬಿಹಾರ, ಬಂಗಾಳ, ಅಸ್ಸಾಮಿಗೆ ಹೋಗುವ ಕೂಲಿಕಾರರು ಬೆಳಗಿನ ರೈಲಿಗೆ ಹಿಂದಿನ ರಾತ್ರಿಯೇ ಬಂದು ಚೀಲವನ್ನೇ ತಲೆದಿಂಬು ಮಾಡಿಕೊಂಡು ಹೊರಗೆ ಮಲಗುವುದನ್ನು ನಾನು ನೋಡುತ್ತೇನೆ. ಕಟ್ಟುವವರು ಹೋಗುವುದನ್ನೂ ಬರುವುದನ್ನೂ ಲೆಕ್ಕ ಹಾಕಿದರು, ತಂಗುವುದನ್ನು ಹಾಕಲಿಲ್ಲ. ನಮ್ಮ ರಸ್ತೆಗಳಿಗೂ ಆಗಿರುವುದು ಅದೇ.

ಬೇರೆ ಕಡೆ ಏನು ಮಾಡಿದ್ದಾರೆ ನೋಡಿ. ಕೇರಳ 2021ರಲ್ಲಿ ‘ಕೇರವಾನ್ ಕೇರಳ’ ನೀತಿ ತಂದು, ಮರುವರ್ಷ ವಾಗಮಣ್‌ನಲ್ಲಿ ಮೊದಲ ಪಾರ್ಕು ತೆರೆಯಿತು. ಕನಿಷ್ಠ ಐದು ಗಾಡಿ ನಿಲ್ಲಬೇಕು, ಕನಿಷ್ಠ 50 ಸೆಂಟ್ ಜಾಗ ಬೇಕು ಎಂಬುದು ಅವರ ನಿಯಮ. ನಮ್ಮ ಲೆಕ್ಕದಲ್ಲಿ 20 ಗುಂಟೆ. ಕಾಸರಗೋಡಿನ ಕುಟುಂಬದವರು ಇದನ್ನು ಹೇಳಿದಾಗ ಕಣದಲ್ಲಿದ್ದವರೆಲ್ಲ ತಮ್ಮ ತಮ್ಮ ಊರಿನಲ್ಲಿ ಬೀಳು ಬಿದ್ದ 20 ಗುಂಟೆಗಳನ್ನು ನೆನಪಿಸಿಕೊಂಡರು. ಆದರೆ ಕೇರಳದ ದಾರಿ ರೆಸಾರ್ಟಿನ ಕಡೆ ವಾಲಿದೆ. ನನಗೆ ಹೆಚ್ಚು ಹಿಡಿಸಿದ್ದು ಜಪಾನಿನ ದಾರಿ. ಅಲ್ಲಿ 1993ರಿಂದ ‘ಮಿಚಿ ನೊ ಎಕಿ’ ಎಂಬ ರಸ್ತೆಬದಿಯ ನಿಲ್ದಾಣಗಳನ್ನು ಮಾಡುತ್ತಾ ಬಂದಿದ್ದಾರೆ; ಈಗ 1,200ಕ್ಕೂ ಹೆಚ್ಚು ಇವೆ. ಹಗಲೂ ರಾತ್ರಿ ತೆರೆದ ಶೌಚಾಲಯ, ಪುಕ್ಕಟೆ ವಾಹನ ನಿಲುಗಡೆ, ಸುತ್ತಲಿನ ರೈತರು ಬೆಳೆದದ್ದನ್ನು ಮಾರುವ ಅಂಗಡಿ. ನಡೆಸುವುದರಲ್ಲಿ ಸ್ಥಳೀಯ ಆಡಳಿತದ ಕೈ ದೊಡ್ಡದು. ಅಮೆರಿಕದ ಅರಿಜೋನಾ ಮರುಭೂಮಿಯಲ್ಲಿ ಕ್ವಾರ್ಟ್‌ಸೈಟ್ ಎಂಬ ಪುಟ್ಟ ಊರಿದೆ. ಚಳಿಗಾಲದಲ್ಲಿ ದೇಶದ ಮೂಲೆಮೂಲೆಯ ಗಾಡಿಮನೆಗಳು ಅಲ್ಲಿ ಸೇರುತ್ತವೆ, ಪಿಂಚಣಿ ಸಾಲದೆ ಮನೆ ಮಾರಿ ಗಾಡಿಯಲ್ಲೇ ಬದುಕುವ ಮುದುಕರೂ ಅವರಲ್ಲಿದ್ದಾರೆ. ಅವರು ನಿಲ್ಲುವುದು ಬಹುಪಾಲು ಸರ್ಕಾರದ ಸಾರ್ವಜನಿಕ ಜಮೀನಿನ ಮೇಲೆ, 1983ರಿಂದ ಇರುವ ಒಂದು ಅನುಮತಿ ಪತ್ರದ ಮೇಲೆ, ಸಣ್ಣ ಶುಲ್ಕಕ್ಕೆ. ಕೇರಳ ಇರಲಿ, ಜಪಾನ್ ಇರಲಿ, ಅಮೆರಿಕ ಇರಲಿ, ಗಾಡಿಗಿಂತ ನೆಲದ ಯೋಚನೆ ಮೊದಲು ಬಂದಲ್ಲಿ ಕೆಲಸ ನಡೆದಿದೆ.

ನಮ್ಮಲ್ಲೂ ಕೆಲವು ಊರುಗಳಿಗೆ ಇದು ತೀರಾ ತುರ್ತಿನ ವಿಷಯ. ಬಂಡೀಪುರದ ಕಾಡಿನೊಳಗಿನ ಹೆದ್ದಾರಿಯನ್ನು 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚುತ್ತಾರೆ. ಆನೆ, ಹುಲಿ, ಜಿಂಕೆಗಳ ಹಿತಕ್ಕೆ ಅದು ಬೇಕೇ ಬೇಕು, ಅದನ್ನು ತೆಗೆಯಿರಿ ಎನ್ನುವವರ ಜೊತೆ ನಾನಿಲ್ಲ. ಆದರೆ ಒಂಬತ್ತು ಗಂಟೆ ದಾಟಿ ಬಂದ ಗಾಡಿಗಳು ಗುಂಡ್ಲುಪೇಟೆ ತಾಲ್ಲೂಕಿನ ಮದ್ದೂರು, ಹಂಗಳದ ಕಡೆ ಬೆಳಗಿನವರೆಗೆ ಕಾಯಬೇಕು. ಆ ಪಂಚಾಯಿತಿಗಳ ಅಧ್ಯಕ್ಷರು ಈ ಪತ್ರ ಓದುತ್ತಿದ್ದರೆ ಮೊದಲು ನಿಮ್ಮನ್ನೇ ಕೇಳುತ್ತೇನೆ. ಗಾಡಿಗಳು ನಿಲ್ಲುವುದು ಖಚಿತವಾಗಿರುವಾಗ ಅವು ರಸ್ತೆಯ ಅಂಚಿನಲ್ಲಿ ಕಸ ಬಿಸಾಡಿಕೊಂಡು ನಿಲ್ಲಬೇಕೆ, ಅಥವಾ ನೀವು ಗುರುತಿಸಿದ ಜಾಗದಲ್ಲಿ ಲೆಕ್ಕಕ್ಕೆ ಸಿಕ್ಕಿ ನಿಲ್ಲಬೇಕೆ?

ನಿಮ್ಮ ಆತಂಕಗಳು ನನಗೆ ತಿಳಿಯದ್ದಲ್ಲ. ಕುಡಿತ, ಸ್ಪೀಕರು, ಪ್ಲಾಸ್ಟಿಕ್ಕು. ಬೆಂಗಳೂರಿನವರು ವಾರಾಂತ್ಯದಲ್ಲಿ ನಿಮ್ಮ ಕೆರೆ ಏರಿಯ ಮೇಲೆ ಬಾಟಲಿ ಒಡೆದು ಹೋದದ್ದನ್ನು ನೀವು ಮರೆತಿಲ್ಲ, ಮರೆಯಬಾರದು. ಅದಕ್ಕೇ ನಿಯಮ ನಿಮ್ಮದಿರಲಿ. ಬಂದವರ ಆರ್‌ಸಿ, ಆಧಾರ್ ನಕಲು ತೆಗೆದುಕೊಳ್ಳಿ, ಠಾಣೆಗೆ ಒಂದು ಪ್ರತಿ ಕಳಿಸಿ. ರಾತ್ರಿ ಒಂಬತ್ತರ ಮೇಲೆ ಸದ್ದು ಬೇಡ, ಜನರೇಟರ್ ಬೇಡ, ನೆಲದ ಮೇಲೆ ಬೆಂಕಿ ಬೇಡ. ಕುಡಿದು ಕೂಗಾಡಿದವರ ಗಾಡಿ ನಂಬರನ್ನು ಬರೆದಿಟ್ಟು ಪಕ್ಕದ ಪಂಚಾಯಿತಿಗಳಿಗೂ ತಿಳಿಸಿ. ಎರಡು ರಾತ್ರಿಗಿಂತ ಹೆಚ್ಚು ನಿಲ್ಲಲು ಬಿಡಬೇಡಿ, ಇಲ್ಲದಿದ್ದರೆ ತೋಪು ಮತ್ತೆ ಯಾರದೋ ಸ್ವಂತದ್ದಾಗುತ್ತದೆ. ಹೆಳವರು, ಕುರಿಯವರು, ಕಬ್ಬಿನವರ ವಿಷಯದಲ್ಲಿ ಮಾತ್ರ ಈ ಎರಡು ರಾತ್ರಿಯ ಮಿತಿ ಸಲ್ಲದು. ಅವರದು ಪ್ರವಾಸವಲ್ಲ, ಕಸುಬು.

ಖರ್ಚಿನ ಮಾತು. ಎಸಿ ಹಾಕದಿದ್ದರೆ ದೀಪ, ಫ್ಯಾನು, ಪುಟ್ಟ ಫ್ರಿಡ್ಜು ಸೇರಿ ಒಂದು ರಾತ್ರಿಗೆ ಒಂದೆರಡು ಯೂನಿಟ್ ಕರೆಂಟು. ಮೀಟರು ಇಟ್ಟು ಹಣ ಪಡೆಯಿರಿ. ಗೀಸರಿಗೆ ಹಾಕುವಂಥ ಒಂದು 15 ಆಂಪಿಯರ್ ಪ್ಲಗ್ಗು, ಒಂದು ನಲ್ಲಿ, ಸೆಪ್ಟಿಕ್ ಟ್ಯಾಂಕಿರುವ ಎರಡು ಕಕ್ಕಸು, ಅವುಗಳಲ್ಲಿ ಒಂದು ಹೆಂಗಸರಿಗೆ, ಒಳಗಿನಿಂದ ಸರಿಯಾಗಿ ಚಿಲಕ ಬೀಳುವಂಥದ್ದು. ಇಷ್ಟೇ ಸಾಮಾನು. ವಾಹನ ನಿಲ್ದಾಣಕ್ಕೆ ಸೌಕರ್ಯ ಒದಗಿಸಿ ಅದಕ್ಕೆ ಶುಲ್ಕ ಎತ್ತುವ ಅಧಿಕಾರವನ್ನು 1993ರ ಪಂಚಾಯತ್ ರಾಜ್ ಕಾಯ್ದೆಯೇ ನಿಮಗೆ ಕೊಟ್ಟಿದೆ. ಸಂತೆ ಸುಂಕದ ಹಾಗೆ ಇದೂ ನಿಮ್ಮದೇ ಹಣ. ಗಾಡಿಗೆ ರಾತ್ರಿಗೆ 300 ರೂಪಾಯಿ ಇಟ್ಟರೂ ನಮ್ಮಂಥವರು ಸಂತೋಷದಿಂದ ಕೊಡುತ್ತೇವೆ, ಅಲೆಮಾರಿಗಳಿಂದ ಒಂದು ಕಾಸೂ ಬೇಡ. ಉಸ್ತುವಾರಿಯನ್ನು ಊರಿನ ಸಂಜೀವಿನಿ ಸಂಘದ ಹೆಣ್ಣುಮಕ್ಕಳಿಗೆ ಕೊಡಿ. ಎಷ್ಟೋ ಊರುಗಳಲ್ಲಿ ಕಸದ ಸ್ವಚ್ಛವಾಹಿನಿಯನ್ನು ಓಡಿಸುತ್ತಿರುವವರು ಅವರೇ, ಇದು ಅವರಿಗೆ ಕಷ್ಟವಲ್ಲ. ಅವರು ಬಸ್ಸಾರು ಮುದ್ದೆಯನ್ನೋ ಅಕ್ಕಿರೊಟ್ಟಿಯನ್ನೋ ಜೋಳದ ರೊಟ್ಟಿಯನ್ನೋ ಮಾಡಿಕೊಟ್ಟರೆ ಗಾಡಿಯ ಒಲೆ ಹಚ್ಚುವವರು ಯಾರು? ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಹೆಂಗಸರದ್ದಾಗಿರುವ ರಾಜ್ಯ ಇದು. ದಾರಿಯಲ್ಲಿ ಹೆಣ್ಣಿಗೆ ಕಕ್ಕಸು ಸಿಗದಿದ್ದರೆ ಏನಾಗುತ್ತದೆಂದು ಅಧ್ಯಕ್ಷೆಯರಿಗೆ ನಾನು ವಿವರಿಸಬೇಕಿಲ್ಲ.

ಲೋಕೋಪಯೋಗಿ ಇಲಾಖೆಯ ಪ್ರವಾಸಿ ಮಂದಿರಗಳ ಕಾಂಪೌಂಡಿನ ಒಂದು ಮೂಲೆಯನ್ನೂ ಹೀಗೆ ತೆರೆಯಬಹುದು. ಅದಕ್ಕೆ ಆ ಇಲಾಖೆ ಮನಸ್ಸು ಮಾಡಬೇಕು, ರಿಜಿಸ್ಟರಿನಲ್ಲಿ ಒಂದು ಕಾಲಂ ಹೆಚ್ಚಿಸಬೇಕು. ಅವರಿಗೂ ಬೇರೆಯಾಗಿ ಬರೆದಿದ್ದೇನೆ. ಆದರೆ ಅವರ ಆದೇಶಕ್ಕೆ ಕಾಯುತ್ತಾ ಕೂತರೆ ಇನ್ನೊಂದು ನೀತಿಯ ಅವಧಿ ಮುಗಿಯುತ್ತದೆ.

ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಈ ಒಂದು ಸಾಲು ಸೇರಿಸಿ: ಊರಿನ ಗುಂಡುತೋಪಿನಲ್ಲಾಗಲಿ ಬೇರೆ ಸರ್ಕಾರಿ ಜಾಗದಲ್ಲಾಗಲಿ ದಾರಿಹೋಕರ ಗಾಡಿಗಳಿಗೆ ರಾತ್ರಿ ತಂಗಲು 20 ಗುಂಟೆ ಗುರುತಿಸುವ ಬಗ್ಗೆ. ಊರಿನವರು ಬೇಡವೆಂದರೆ ಬೇಡ, ಕಾರಣವನ್ನು ನಡಾವಳಿಯಲ್ಲಿ ಬರೆಸಿ. ಅದನ್ನು ಓದಿ ನಮ್ಮ ನಡತೆ ತಿದ್ದಿಕೊಳ್ಳುತ್ತೇವೆ. ಬೇಕೆಂದರೆ ಕಣದಲ್ಲಿ ಸೇರಿದ್ದ ನಾವೆಲ್ಲ ಮುಂದಿನ ಕೂಟವನ್ನು ನಿಮ್ಮೂರಿನಲ್ಲೇ ಮಾಡುತ್ತೇವೆ. ಮೊರಂ ಹರಡಲು, ನಲ್ಲಿಯ ಪೈಪು ಎಳೆಯಲು ನಮ್ಮಲ್ಲಿ ಕಸುಬು ಗೊತ್ತಿದ್ದವರಿದ್ದಾರೆ. ಪ್ಲಗ್ಗಿಗೆ ವೈರಿಂಗ್ ನಾನೇ ಮಾಡಿಕೊಡುತ್ತೇನೆ. ಪಿಡಿಒ ಅವರು ಸಾಮಾನಿನ ಪಟ್ಟಿ ಕಳಿಸಿದರೆ ಬೆಂಗಳೂರಿನಿಂದಲೇ ತರುತ್ತೇವೆ.

ಇಂತಿ ನಮಸ್ಕಾರಗಳು,
ಬಾಣಸವಾಡಿಯ ಒಬ್ಬ ಗಾಡಿಮನೆಯವನು